ಬರ್ಲಿನ್ನಿನಿಂದ ಮಲಾಡಿಗೆ: ನಿಮ್ಮ ಪ್ರಶ್ನೆಗಳಿಗೆ ಉತ್ತರ

ಎರಡು ಮಹಾಯುದ್ಧಗಳ ನಡುವೆ ಜರ್ಮನಿಯಲ್ಲಿ ನಡೆದ ಸಿನಿಮಾ, ನಾಟಕದ ಕೆಲಸದ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬರೆದಿದ್ದೆ. ಇವತ್ತಿನ ವೆಬ್ ಸೀರೀಸ್, ಧಾರಾವಾಹಿ, ದೆವ್ವದ ಸಿನಿಮಾಗಳಲ್ಲೆಲ್ಲ ಆ ಕಾಲ ಇನ್ನೂ ಇದೆ ಅಂತ ಹೇಳಿದ್ದಕ್ಕೆ ಮುಂಬಯಿ, ಪುಣೆಯ ಓದುಗರು ಪತ್ರ ಬರೆದಿದ್ದಾರೆ. ಕೆಲವಕ್ಕೆ ಇಲ್ಲಿ ಉತ್ತರಿಸುತ್ತೇನೆ.

ಪ್ರಶ್ನೆ: ನಮ್ಮ ಮನೆ ಮಲಾಡ್ ಪಶ್ಚಿಮದಲ್ಲಿ. ಹತ್ತಿರದಲ್ಲೇ ಬಾಂಬೆ ಟಾಕೀಸ್ ಕಂಪೌಂಡ್ ಅಂತ ಒಂದು ಜಾಗ ಇದೆ. ಈಗ ಅಲ್ಲಿರುವುದು ಸಣ್ಣ ಸಣ್ಣ ಕಾರ್ಖಾನೆಯ ಗಾಳಾಗಳು. ಒಂದು ಕಾಲದಲ್ಲಿ ಅಲ್ಲಿ ಜರ್ಮನ್ನರು ಸಿನಿಮಾ ಮಾಡುತ್ತಿದ್ದರು ಅಂತ ಅಪ್ಪ ಹೇಳುತ್ತಿದ್ದರು. ನಿಜವಾ ಸಾರ್? — ಒಬ್ಬ ಓದುಗ, ಮಲಾಡ್

ಉತ್ತರ: ನಿಜ, ಪೂರ್ತಿ ನಿಜ. ಹಿಮಾಂಶು ರಾಯ್ ಮತ್ತು ದೇವಿಕಾ ರಾಣಿ 1934ರಲ್ಲಿ ಬಾಂಬೆ ಟಾಕೀಸ್ ಶುರು ಮಾಡಿದರು. ಆದರೆ ಕಥೆ ಅದಕ್ಕೂ ಹತ್ತು ವರ್ಷ ಹಿಂದಿನದು, ಅದೂ ಮ್ಯೂನಿಕ್‌ನದು. ಬುದ್ಧನ ಕಥೆಯನ್ನು ಸಿನಿಮಾ ಮಾಡಬೇಕು ಅಂತ ರಾಯ್ ಅಲ್ಲಿನ ಎಮೆಲ್ಕಾ ಕಂಪನಿಗೆ ಹೋದರು. ನಿರ್ದೇಶಕ, ಕ್ಯಾಮೆರಾ, ತಂತ್ರಜ್ಞರು ನಿಮ್ಮವರು, ನಟರು, ಜಾಗ, ದುಡ್ಡು ನಮ್ಮದು ಅಂತ ಮಾತಾಯಿತು. 1925ರಲ್ಲಿ 'ಪ್ರೇಮ್ ಸನ್ಯಾಸ್' ಬಂತು. ನಿರ್ದೇಶಕ ಫ್ರಾಂಜ್ ಓಸ್ಟೆನ್. ಕ್ಯಾಮೆರಾ ಹಿಡಿದವರಲ್ಲಿ ಒಬ್ಬ ಯೋಸೆಫ್ ವಿರ್ಶಿಂಗ್ ಅನ್ನುವ ಯುವಕ. ಆಮೇಲೆ ಓಸ್ಟೆನ್ ಮತ್ತು ರಾಯ್ ಸೇರಿ 'ಶಿರಾಜ್', 'ಪ್ರಪಂಚ ಪಾಶ್' ಮಾಡಿದರು, ಅಷ್ಟು ಹೊತ್ತಿಗೆ ಬರ್ಲಿನ್ನಿನ ದೊಡ್ಡ ಕಂಪನಿ ಯುಫಾ ಕೂಡ ಜೊತೆಗೆ ಬಂದಿತ್ತು. ದೇವಿಕಾ ರಾಣಿ ಕೆಲಸ ಕಲಿತದ್ದೂ ಯುಫಾ ಸ್ಟುಡಿಯೊದಲ್ಲೇ. ಮೇಕಪ್, ಉಡುಪು, ನಟನೆ ಎಲ್ಲವನ್ನೂ ಹತ್ತಿರದಿಂದ ನೋಡಿ ಕಲಿತರು.

ಹಾಗಾಗಿ ಮಲಾಡಿನಲ್ಲಿ ಸ್ಟುಡಿಯೊ ಕಟ್ಟುವಾಗ ಇವರಿಗೆ ಮೊದಲು ನೆನಪಾದವರು ಜರ್ಮನಿಯ ಆ ಹಳೆಯ ಜೊತೆಗಾರರು. ಓಸ್ಟೆನ್ ಬಂದರು, ವಿರ್ಶಿಂಗ್ ಬಂದರು, ಸೆಟ್ ಹಾಕಲು ಕಾರ್ಲ್ ಫಾನ್ ಸ್ಪ್ರೇಟಿ ಬಂದರು. ಓಸ್ಟೆನ್‌ಗೆ ಹಿಂದಿ ಬರುತ್ತಿರಲಿಲ್ಲ. ಆದರೂ 1935ರಿಂದ 1939ರವರೆಗೆ ಬಾಂಬೆ ಟಾಕೀಸಿನ ಒಂದರ ಮೇಲೊಂದು ಚಿತ್ರ ನಿರ್ದೇಶಿಸಿದ್ದು ಅವರೇ. 1936ರ 'ಅಛೂತ್ ಕನ್ಯಾ' ಅದರಲ್ಲಿ ಹೆಸರಾದದ್ದು. ಅಲ್ಲಿ ನಾಯಕ ಅಶೋಕ್ ಕುಮಾರ್. ಇದೇ ಸ್ಟುಡಿಯೊದ ಲ್ಯಾಬಿನಲ್ಲಿ ಕೆಲಸ ಮಾಡಿಕೊಂಡಿದ್ದ ಹುಡುಗ ಅವರು.

1939ರಲ್ಲಿ ಯುದ್ಧ ಶುರುವಾದ ಕೂಡಲೇ ಬ್ರಿಟಿಷರು ಇವರನ್ನೆಲ್ಲ ಶತ್ರು ದೇಶದವರು ಅಂತ ಹಿಡಿದರು. ಓಸ್ಟೆನ್ ವಾಪಸ್ ಹೋದರು. ಅವರು ನಾತ್ಸಿ ಪಕ್ಷದ ಸದಸ್ಯರಾಗಿದ್ದರು, ಅದನ್ನು ಮುಚ್ಚಿಡಬಾರದು. ವಿರ್ಶಿಂಗ್ ಯುದ್ಧ ಮುಗಿಯುವವರೆಗೆ ಇಲ್ಲಿನ ಬಂಧನ ಶಿಬಿರಗಳಲ್ಲಿ ಇದ್ದು, ಬಿಡುಗಡೆಯಾದ ಮೇಲೂ ಈ ದೇಶ ಬಿಡಲಿಲ್ಲ. ನನಗೆ ಈ ಇಡೀ ಕಥೆಯಲ್ಲಿ ಅತಿ ಪ್ರೀತಿಯ ಮನುಷ್ಯ ಅವರು. 1949ರ 'ಮಹಲ್' ನೋಡಿ. ಹಳೇ ಬಂಗಲೆ, ಗೋಡೆ ಮೇಲೆ ಉದ್ದುದ್ದ ನೆರಳು, ಕತ್ತಲಲ್ಲಿ ಒಂದು ಕಡೆಯಿಂದ ಮಾತ್ರ ಬೆಳಕು ಬಿದ್ದ ಮುಖ. 1920ರ ದಶಕದ ಜರ್ಮನ್ ಸ್ಟುಡಿಯೊಗಳಲ್ಲಿ ಹುಟ್ಟಿದ ವಿದ್ಯೆ ಅದು. ಇವತ್ತಿಗೂ ನಮ್ಮ ದೆವ್ವದ ಸಿನಿಮಾ ಅಂದರೆ ಹೆಚ್ಚುಕಡಿಮೆ ಅದೇ ಬಂಗಲೆ, ಅದೇ ಬೆಳಕು. ವಿರ್ಶಿಂಗ್ ಕೊನೆಗೆ 'ಪಾಕೀಜಾ' ಚಿತ್ರೀಕರಣ ಮಾಡುತ್ತಿದ್ದಾಗ 1967ರಲ್ಲಿ ಮುಂಬಯಿಯಲ್ಲೇ ತೀರಿಕೊಂಡರು. ಸಿನಿಮಾ ತೆರೆಗೆ ಬಂದದ್ದು 1972ರಲ್ಲಿ.

ಇನ್ನು ದೇವಿಕಾ ರಾಣಿ ನಮ್ಮೂರಿನವರೇ ಆಗಿಬಿಟ್ಟರು. ರಷ್ಯನ್ ಚಿತ್ರಕಾರ ರೋರಿಕ್ ಅವರನ್ನು ಮದುವೆಯಾಗಿ, ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ಬಾಳಿ, 1994ರಲ್ಲಿ ಬೆಂಗಳೂರಿನಲ್ಲೇ ಹೋದರು. ನಿಮ್ಮ ಗಾಳಾಗಳ ಮುಂದೆ ಒಂದು ಫಲಕವಾದರೂ ಹಾಕಿಸಲು ಮಲಾಡಿನ ಕನ್ನಡಿಗರು ಪ್ರಯತ್ನ ಮಾಡಬಾರದೇಕೆ?

ಪ್ರಶ್ನೆ: ಆ ಮೂಕಿ ಚಿತ್ರಗಳನ್ನು ನೋಡಲು ಕೂತರೆ ಹತ್ತೇ ನಿಮಿಷಕ್ಕೆ ಫೋನ್ ಕೈಗೆ ಬರುತ್ತೆ. ಮಾತಿಲ್ಲ, ಬಣ್ಣ ಇಲ್ಲ, ನಟನೆ ಅತಿ. ನಮ್ಮ ವಯಸ್ಸಿನವರು ಯಾಕೆ ನೋಡಬೇಕು? ಎಲ್ಲಿಂದ ಶುರು ಮಾಡಬೇಕು? — ಕಾಲೇಜು ವಿದ್ಯಾರ್ಥಿನಿ, ಮುಲುಂಡ್

ಉತ್ತರ: ಹಾಗಿದ್ದರೆ ತಪ್ಪು ಸಿನಿಮಾದಿಂದ ಶುರು ಮಾಡಿದ್ದೀರಿ ಅನಿಸುತ್ತೆ. ಎಲ್ಲರೂ ಹೇಳುವುದು 1920ರ 'ಡಾಕ್ಟರ್ ಕಾಲಿಗರಿ'. ಅದರಲ್ಲಿ ನೆರಳನ್ನು ಕೂಡ ಸೆಟ್ಟಿನ ಮೇಲೆ ಬಣ್ಣದಿಂದ ಬರೆದಿದ್ದಾರೆ, ಮನೆ, ಕಿಟಕಿ, ಬೀದಿ ಎಲ್ಲ ಓರೆಕೋರೆ, ಹುಚ್ಚು ಹಿಡಿದವನ ಕಣ್ಣಿಗೆ ಊರು ಹೇಗೆ ಕಾಣಬಹುದೋ ಹಾಗೆ. ದೊಡ್ಡ ಸಿನಿಮಾ ಹೌದು, ಆದರೆ ಅದನ್ನು ಮೂರನೆಯದಾಗಿ ನೋಡಿ. ಮೊದಲು ಮುರ್ನೌ ಅವರ 1924ರ 'ದಿ ಲಾಸ್ಟ್ ಲಾಫ್' ನೋಡಿ.

ಕಥೆ ಇಷ್ಟೇ. ದೊಡ್ಡ ಹೋಟೆಲಿನ ಬಾಗಿಲಲ್ಲಿ ನಿಲ್ಲುವ ಮುದುಕ. ಗುಂಡಿ ಹಾಕಿದ ಹೊಳೆಯುವ ಯೂನಿಫಾರ್ಮು ಅವನ ಸರ್ವಸ್ವ. ಅದನ್ನು ಹಾಕಿಕೊಂಡು ತನ್ನ ವಠಾರಕ್ಕೆ ಬಂದರೆ ಎಲ್ಲರೂ ಸೆಲ್ಯೂಟ್ ಹೊಡೆಯುತ್ತಾರೆ. ಒಂದು ದಿನ ವಯಸ್ಸಾಯ್ತು ಅಂತ ಮ್ಯಾನೇಜರ್ ಆ ಕೋಟು ಬಿಚ್ಚಿಸಿ ಅವನನ್ನು ಕೆಳಗಿನ ಶೌಚಾಲಯದಲ್ಲಿ ಟವೆಲ್ ಕೊಡುವ ಕೆಲಸಕ್ಕೆ ಹಾಕುತ್ತಾನೆ. ಮುಂಬಯಿಯಲ್ಲಿ ಸೊಸೈಟಿ ಗೇಟಿನಲ್ಲಿ ನಿಂತವರನ್ನು ದಿನಾ ನೋಡುವ ನಿಮಗೆ ಈ ಕಥೆಗೆ ಮಾತು ಬೇಕಾಗುವುದಿಲ್ಲ. ಅದಕ್ಕೇ ಈ ಚಿತ್ರದಲ್ಲಿ ಮಧ್ಯೆ ಮಧ್ಯೆ ಓದಬೇಕಾದ ಬರಹದ ಫಲಕಗಳೂ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಆಮೇಲೆ ಕ್ಯಾಮೆರಾ ನೋಡಿ. ಅಲ್ಲಿಯವರೆಗೆ ಕ್ಯಾಮೆರಾ ಹೆಚ್ಚಾಗಿ ಸ್ಟ್ಯಾಂಡಿನ ಮೇಲೆ ಕೂತಿರುತ್ತಿತ್ತು. ಕ್ಯಾಮೆರಾಮನ್ ಕಾರ್ಲ್ ಫ್ರಾಯಂಡ್ ಅದನ್ನು ತನ್ನ ಎದೆಗೆ ಕಟ್ಟಿಕೊಂಡ. ಮೊದಲ ದೃಶ್ಯದಲ್ಲಿ ಅದು ಲಿಫ್ಟಿನಲ್ಲಿ ಇಳಿದು, ಸೈಕಲ್ ಮೇಲೆ ಲಾಬಿ ದಾಟಿ ಬಾಗಿಲವರೆಗೆ ಬರುತ್ತದೆ. ನೀವು ರೀಲ್ಸಿನಲ್ಲಿ ನೋಡುವ, ಫೋನ್ ಹಿಡಿದು ನಡೆದುಕೊಂಡೇ ತೆಗೆದ ಶಾಟುಗಳೆಲ್ಲ ಈ ಸೈಕಲ್ಲಿನ ಮಕ್ಕಳು. ಅದೇ ಫ್ರಾಯಂಡ್ ಅಮೆರಿಕಕ್ಕೆ ಹೋಗಿ 1931ರ 'ಡ್ರಾಕುಲಾ' ಚಿತ್ರೀಕರಿಸಿದ. 1951ರಲ್ಲಿ 'ಐ ಲವ್ ಲೂಸಿ' ಅನ್ನುವ ಟಿವಿ ಹಾಸ್ಯ ಸರಣಿಗೆ, ಎದುರಿಗೆ ಪ್ರೇಕ್ಷಕರು ಕೂತಿರುವಾಗಲೇ ಮೂರು ಕ್ಯಾಮೆರಾಗಳಲ್ಲಿ ಒಟ್ಟಿಗೆ ಚಿತ್ರೀಕರಿಸಲು ಆಗುವಂತೆ ಬೆಳಕು ಹೊಂದಿಸಿದ. ಸೋಫಾ, ಅಡುಗೆಮನೆ, ನಗು ಇರುವ ಟಿವಿ ಕಾಮಿಡಿಗಳು ಆಮೇಲೆ ದಶಕಗಟ್ಟಲೆ ಅದೇ ದಾರಿಯಲ್ಲಿ ನಡೆದವು.

ಯೂಟ್ಯೂಬಿನಲ್ಲಿ ನೋಡುವುದಾದರೆ ರಿಪೇರಿ ಮಾಡಿದ ಪ್ರಿಂಟ್ ಹುಡುಕಿ. ಸವೆದ ಪ್ರಿಂಟಿನಲ್ಲಿ, ತಪ್ಪು ವೇಗದಲ್ಲಿ ಓಡಿಸಿದರೆ ಎಂಥ ನಟನೂ ಕೋಡಂಗಿಯಂತೆ ಕಾಣುತ್ತಾನೆ. ಮತ್ತೆ ಫೋನಿನಲ್ಲಿ ಬೇಡ, ದೊಡ್ಡ ಪರದೆಯಲ್ಲಿ, ದೀಪ ಆರಿಸಿ ನೋಡಿ.

ಪ್ರಶ್ನೆ: ಈ ಸಿನಿಮಾಗಳಲ್ಲಿ ಬರೀ ಹುಚ್ಚರು, ಕೊಲೆಗಾರರು, ವಶೀಕರಣ ಮಾಡುವವರು. ಇವೇ ಜನರನ್ನು ಹಿಟ್ಲರನಿಗೆ ತಯಾರು ಮಾಡಿದವು ಅಂತ ಎಲ್ಲೋ ಓದಿದ್ದೆ. ಹೌದೇ? — ನಿವೃತ್ತ ಶಿಕ್ಷಕರು, ಪುಣೆ

ಉತ್ತರ: ಮೇಷ್ಟ್ರೇ, ಆ ವಾದ ಸೀಗ್‌ಫ್ರೀಡ್ ಕ್ರಾಕಾವರ್ ಅವರದು. ಜರ್ಮನಿಯಿಂದ ಓಡಿಹೋಗಬೇಕಾಗಿ ಬಂದ ವಿಮರ್ಶಕ, 1947ರಲ್ಲಿ ಪುಸ್ತಕ ಬರೆದರು. ದರ್ಪದ ಯಜಮಾನ, ಅವನು ಹೇಳಿದಂತೆ ಕೇಳುವ ಜನ, ಇಂಥ ನೋಟ ಮತ್ತೆ ಮತ್ತೆ ತೆರೆಯ ಮೇಲೆ ಬಂದಿತ್ತು, ಜನರ ಮನಸ್ಸಿನೊಳಗೆ ಏನು ಕೂತಿತ್ತು ಅನ್ನುವುದನ್ನು ಅದು ತೋರಿಸುತ್ತದೆ ಅನ್ನುವುದು ಅವರ ಮಾತಿನ ಸಾರ. ಸಿನಿಮಾ ಹಿಟ್ಲರನನ್ನು ತಂದಿತು ಅಂತಲ್ಲ. ನನಗಂತೂ ಅವರ ವಾದ ಅರ್ಧ ಒಪ್ಪಿಗೆ. ಆಗಿಹೋದ ಮೇಲೆ ಹಿಂದಕ್ಕೆ ತಿರುಗಿ ನೋಡಿದರೆ ಎಲ್ಲವೂ ಸೂಚನೆಯ ಹಾಗೆಯೇ ಕಾಣುತ್ತದೆ.

ದುಡ್ಡು ಯಾರ ಕೈಯಲ್ಲಿತ್ತು ಅನ್ನುವುದನ್ನು ನಾವು ಜಾಸ್ತಿ ನೋಡಬೇಕು. ಯುಫಾ 1927ರಲ್ಲಿ ಆಲ್ಫ್ರೆಡ್ ಹ್ಯೂಗನ್‌ಬರ್ಗ್ ಅನ್ನುವ ಬಲಪಂಥೀಯ ಪತ್ರಿಕಾ ಧಣಿಯ ಕೈಗೆ ಹೋಯಿತು. 1933ರಲ್ಲಿ ಅವನು ಹಿಟ್ಲರನ ಮಂತ್ರಿಯೂ ಆದ. ಅದೇ ವರ್ಷ ಫ್ರಿಟ್ಸ್ ಲಾಂಗ್ ಅವರ ಮಾಬೂಸೆ ಚಿತ್ರಕ್ಕೆ ನಾತ್ಸಿಗಳು ನಿಷೇಧ ಹಾಕಿದರು, ಲಾಂಗ್ ದೇಶ ಬಿಟ್ಟರು. 'ಕಾಲಿಗರಿ'ಯಲ್ಲಿ ನಿದ್ದೆಯಲ್ಲಿ ನಡೆಯುವವನಾಗಿ ನಟಿಸಿದ್ದ ಕಾನ್ರಾಡ್ ಫೈಟ್ ಕೂಡ ಯಹೂದಿ ಹೆಂಡತಿಯ ಜೊತೆ ಹೊರಟುಹೋದರು. ಕೊನೆಗೆ ಹಾಲಿವುಡ್ಡಿನಲ್ಲಿ ಅವರಿಗೆ ಸಿಕ್ಕಿದ್ದು ನಾತ್ಸಿ ಅಧಿಕಾರಿಯ ಪಾತ್ರ! ಆದರೆ ನಮ್ಮ 'ಲಾಸ್ಟ್ ಲಾಫ್' ಮುದುಕನಾಗಿ ಕಣ್ಣೀರು ತರಿಸಿದ ಎಮಿಲ್ ಯಾನಿಂಗ್ಸ್ ಅಲ್ಲೇ ಉಳಿದು ನಾತ್ಸಿ ಪ್ರಚಾರ ಚಿತ್ರಗಳಲ್ಲಿ ನಟಿಸಿದರು. ಒಂದೇ ಸ್ಟುಡಿಯೊ, ಒಂದೇ ವಿದ್ಯೆ. ಹಾಗಾಗಿ ಶೈಲಿಯನ್ನು ದೂರಿ ಪ್ರಯೋಜನವಿಲ್ಲ.

ಇನ್ನೊಂದು ವಿಷಯ, ಬೆಳಗಾವಿ ಕಡೆಯವರಿಗೆ ಇಷ್ಟವಾಗಬಹುದು. ಲಾಂಗ್ ಅವರ ಹೆಂಡತಿ, 'ಮೆಟ್ರೊಪೊಲಿಸ್' ಕಥೆ ಬರೆದ ಥೇಯಾ ಫಾನ್ ಹಾರ್ಬೌ, ಅವರಿಂದ ಬೇರೆಯಾದ ಮೇಲೆ ಗುಟ್ಟಾಗಿ ಮದುವೆಯಾದದ್ದು ಜರ್ಮನಿಗೆ ಓದಲು ಹೋಗಿದ್ದ ಅಯಿ ತೆಂಡೂಲ್ಕರ್ ಅವರನ್ನು. ಆಮೇಲೆ ಬೆಳಗಾವಿಯಲ್ಲಿ ಪತ್ರಿಕೆ ನಡೆಸಿದವರು ಇವರೇ.

ನಿಮ್ಮ ಪುಣೆಯಲ್ಲೂ ಈ ನಂಟು ಇದೆ. ಪ್ರಭಾತ್ ಕಂಪನಿಯ ಶಾಂತಾರಾಮ್ 'ಸೈರಂಧ್ರಿ'ಗೆ ಬಣ್ಣದ ಪ್ರಿಂಟ್ ಹಾಕಿಸಲು 1933ರಲ್ಲಿ ಜರ್ಮನಿಗೆ ಹೋಗಿದ್ದರು. ಬಣ್ಣ ಸರಿಯಾಗಿ ಬರಲಿಲ್ಲ. ಆದರೆ ಮರುವರ್ಷ ಪುಣೆಯಲ್ಲಿ ತೆಗೆದ 'ಅಮೃತ್ ಮಂಥನ್'ನಲ್ಲಿ ತೆರೆ ತುಂಬಿ ನಿಲ್ಲುವ ಆ ರಾಜಗುರುವಿನ ಕಣ್ಣು ನೋಡಿದರೆ ಅಲ್ಲಿಂದ ಅವರು ಏನು ತಂದರು ಅಂತ ಗೊತ್ತಾಗುತ್ತೆ. ಅದೇ ಪ್ರಭಾತ್ ಜಾಗದಲ್ಲಿ ಇವತ್ತು ಫಿಲ್ಮ್ ಇನ್‌ಸ್ಟಿಟ್ಯೂಟ್ ಇದೆ.

ಪ್ರಶ್ನೆ: ಮಕ್ಕಳ ಜೊತೆ ಕೂತು ನೋಡುವಂಥದ್ದು ಏನಾದರೂ ಇದೆಯಾ? — ಗೃಹಿಣಿ, ಬೊರಿವಲಿ

ಉತ್ತರ: ಇದೆ. ಲೊಟ್ಟೆ ರೈನಿಗರ್ ಅವರ 1926ರ 'ಪ್ರಿನ್ಸ್ ಅಖ್ಮದ್'. ಕಪ್ಪು ಕಾಗದವನ್ನು ಕತ್ತರಿಯಲ್ಲಿ ಕತ್ತರಿಸಿ ಮಾಡಿದ ಗೊಂಬೆಗಳ ಪೂರ್ಣ ಚಿತ್ರ, ಡಿಸ್ನಿಯ ಮೊದಲ ಪೂರ್ಣ ಕಾರ್ಟೂನಿಗಿಂತ ಹನ್ನೊಂದು ವರ್ಷ ಮೊದಲಿನದು. ನಮ್ಮ ತೊಗಲು ಗೊಂಬೆ ಆಟ ಕಂಡ ಮಕ್ಕಳಿಗೆ ಕೂಡಲೇ ಹಿಡಿಸುತ್ತೆ. ಸಿನಿಮಾ ಮುಗಿದ ಮೇಲೆ ಅವರ ಕೈಗೆ ಕತ್ತರಿ, ಕಪ್ಪು ಕಾಗದ ಕೊಡಿ.

ಪ್ರಶ್ನೆ: ಡೀಪ್‌ಫೇಕ್ ಗಲಾಟೆ ನೋಡಿದಾಗ 'ಮೆಟ್ರೊಪೊಲಿಸ್' ನೆನಪಾಯಿತು. ನನ್ನ ಅನಿಸಿಕೆ ಸರಿಯೇ? — ಸಾಫ್ಟ್‌ವೇರ್ ಉದ್ಯೋಗಿ, ವಾಶಿ

ಉತ್ತರ: ತುಂಬ ಸರಿ. 1927ರ ಆ ಚಿತ್ರದಲ್ಲಿ ಕಾರ್ಮಿಕರು ನಂಬುವ ಮರಿಯಾಳ ಮುಖವನ್ನು ಯಂತ್ರಕ್ಕೆ ಹಾಕಿ, ಆ ನಕಲಿ ಮರಿಯಾಳಿಂದಲೇ ಅವರನ್ನು ಕೆರಳಿಸುತ್ತಾರೆ. ಎಲ್ಲರೂ ರೋಬೋ ನೆನಪಿಟ್ಟುಕೊಂಡರು. ನಂಬಿಕೆ ಇರುವ ಮುಖವನ್ನು ಕದ್ದರೆ ಜನರನ್ನು ಕದ್ದಂತೆ ಅನ್ನುವ ಹೆದರಿಕೆಯನ್ನು ಮಾತ್ರ ಮರೆತರು. ನೋಡುವುದಾದರೆ 2010ರ ಪ್ರಿಂಟ್ ನೋಡಿ. ಬಿಡುಗಡೆಯಾದ ಮೇಲೆ ಕತ್ತರಿಸಿ ಎಸೆದಿದ್ದ ಭಾಗಗಳಲ್ಲಿ ಹೆಚ್ಚಿನವು 2008ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಸಿಕ್ಕಿದ್ದು ಅದರಲ್ಲಿ ಸೇರಿವೆ.

ಪ್ರಶ್ನೆ: ನಾವು ಡೊಂಬಿವಲಿಯ ಹವ್ಯಾಸಿ ಕನ್ನಡ ತಂಡದವರು. ಈ ಸಲ ಜರ್ಮನ್ ನಾಟಕಕಾರ ಬ್ರೆಕ್ಟ್‌ನ ನಾಟಕ ಆಡೋಣ ಅಂತಿದ್ದೇವೆ. ಪಾತ್ರಧಾರಿ ಪ್ರೇಕ್ಷಕರ ಕಡೆ ತಿರುಗಿ ಮಾತಾಡುವುದನ್ನು ಈಗ ಎಲ್ಲ ಸೀರೀಸಿನಲ್ಲೂ ಮಾಡುತ್ತಾರೆ. ಹಾಗಾದರೆ ಬ್ರೆಕ್ಟ್‌ನಲ್ಲಿ ಹೊಸದೇನು ಉಳಿಯಿತು ಅಂತ ತಂಡದಲ್ಲಿ ಜಗಳ. ನೀವೇನಂತೀರಿ? — ತಂಡದ ಪರವಾಗಿ ಒಬ್ಬರು

ಉತ್ತರ: ಒಳ್ಳೆಯ ಜಗಳ. ಈ ಸಲದ ಪತ್ರಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ನಿಮ್ಮದೇ.

ಮುರ್ನೌ, ಲಾಂಗ್ ಕಲಿತದ್ದು ಪ್ರೇಕ್ಷಕನನ್ನು ಒಳಗೆ ಎಳೆದುಕೊಳ್ಳುವ ವಿದ್ಯೆ. ಬೆಳಕು, ನೆರಳು, ಓಡುವ ಕ್ಯಾಮೆರಾ, ಎಲ್ಲವೂ ನಿಮ್ಮನ್ನು ಪಾತ್ರದ ತಲೆಯೊಳಗೆ ಕೂರಿಸಲು. ಅದೇ ಬರ್ಲಿನ್ನಿನಲ್ಲಿ, ಅದೇ ವರ್ಷಗಳಲ್ಲಿ ಬ್ರೆಕ್ಟ್ ಮತ್ತು ನಾಟಕ ನಿರ್ದೇಶಕ ಪಿಸ್ಕಾಟರ್ ಮಾಡಿದ್ದು ಇದಕ್ಕೆ ತಿರುಗುಮುರುಗು. ಪಿಸ್ಕಾಟರ್ ನಾಟಕದ ನಡುವೆ ಸುದ್ದಿಚಿತ್ರ ತೋರಿಸಿದ, ನಡೆಯುವ ಸೈನಿಕನ ಕಾಲ ಕೆಳಗೆ ಉರುಳುವ ಪಟ್ಟಿ ಇಟ್ಟ. ಬ್ರೆಕ್ಟ್ ಮುಂದೇನಾಗುತ್ತದೆ ಅಂತ ಮೊದಲೇ ಫಲಕದಲ್ಲಿ ಬರೆದು ತೋರಿಸಿದ, ದೀಪಗಳನ್ನು ಮುಚ್ಚಿಡಲಿಲ್ಲ, ಅಳು ಬರುವ ಹೊತ್ತಿಗೆ ಹಾಡು ಹಾಕಿ ತಡೆದ. ಮುಂದೇನು ಅನ್ನುವ ಕುತೂಹಲ ಬಿಟ್ಟು, ಇದು ಹೀಗೇ ಆಗಬೇಕಿತ್ತಾ ಅಂತ ನೀವು ಕೇಳಬೇಕು, ಅಷ್ಟೇ ಅವನಿಗೆ ಬೇಕಿತ್ತು. 1928ರ ಆಗಸ್ಟ್ 31ರಂದು 'ಮೂರು ಕಾಸಿನ ಸಂಗೀತ ನಾಟಕ' ಬರ್ಲಿನ್ನಿನಲ್ಲಿ ಮೊದಲ ಪ್ರದರ್ಶನ ಕಂಡಿತು, ಕುರ್ಟ್ ವೈಲ್ ಸಂಗೀತ. ಕಳ್ಳರು, ಭಿಕ್ಷೆಯನ್ನೇ ವ್ಯಾಪಾರ ಮಾಡಿಕೊಂಡ ಧಣಿ, ಅವರ ಜೊತೆ ಕೈ ಸೇರಿಸಿದ ಪೊಲೀಸ್ ಅಧಿಕಾರಿ.

ಇವತ್ತಿನ ಮನರಂಜನೆ ಮೊದಲನೇ ವಿದ್ಯೆಯನ್ನು ಪೂರ್ತಿ ತೆಗೆದುಕೊಂಡಿತು. ಎರಡನೆಯದರ ಅಂಗಿಯನ್ನಷ್ಟೇ ತೆಗೆದುಕೊಂಡಿತು. ಸೀರೀಸಿನ ನಾಯಕ ನಿಮ್ಮ ಕಡೆ ತಿರುಗಿ ಕಣ್ಣು ಹೊಡೆಯುವುದು ನೀವು ಅವನ ಗೆಳೆಯರಾಗಲಿ ಅಂತ. ಅವನು ಮಾಡುವ ಕೆಟ್ಟ ಕೆಲಸದಲ್ಲಿ ನೀವೂ ಪಾಲುದಾರರಾಗಿ, ಮುಂದಿನ ಎಪಿಸೋಡ್ ಒತ್ತಲಿ ಅಂತ. ಬ್ರೆಕ್ಟ್ ತಿರುಗಿಸಿದ್ದು ನೀವು ಅವನಿಂದ ಒಂದು ಹೆಜ್ಜೆ ದೂರ ನಿಲ್ಲಲಿ ಅಂತ. ನಿಮ್ಮ ತಂಡದಲ್ಲಿ "ಹೊಸದೇನೂ ಇಲ್ಲ" ಅಂದವರಿಗೆ ಈ ವ್ಯತ್ಯಾಸ ಹೇಳಿ.

ಮತ್ತೆ, ಇದನ್ನು ಜರ್ಮನಿಯಿಂದ ತಂದು ಕಲಿಯಬೇಕಾದ್ದು ಅಂತ ಹೆದರಬೇಡಿ. ಯಕ್ಷಗಾನದಲ್ಲಿ ಭಾಗವತರು ಎಲ್ಲರ ಕಣ್ಣೆದುರೇ ಕೂತು ಹಾಡುತ್ತಾರೆ, ಪಾತ್ರಧಾರಿಯನ್ನು ನಿಲ್ಲಿಸಿ ಪ್ರಶ್ನೆ ಕೇಳುತ್ತಾರೆ, ಕಥೆ ಊರಿಗೆಲ್ಲ ಗೊತ್ತು, ಆದರೂ ಜನ ಬೆಳಗಿನವರೆಗೆ ಕೂರುತ್ತಾರೆ. ಬ್ರೆಕ್ಟ್‌ನಿಂದಾಗಿ ನಮ್ಮ ರಂಗಭೂಮಿಯಲ್ಲೇ ಇದ್ದ ಸಾಧ್ಯತೆಗಳ ಕಡೆ ಕಣ್ಣು ಹೋಯಿತು ಅನ್ನುವ ಅರ್ಥದಲ್ಲಿ ಗಿರೀಶ ಕಾರ್ನಾಡರೂ ಬರೆದಿದ್ದಾರೆ. ಮರಾಠಿಯವರು ಇದನ್ನು ಚೆನ್ನಾಗಿ ದುಡಿಸಿಕೊಂಡರು. 1978ರಲ್ಲಿ ಪು.ಲ. ದೇಶಪಾಂಡೆ ಬ್ರೆಕ್ಟ್‌ನ ಆ 'ಮೂರು ಕಾಸಿನ' ನಾಟಕವನ್ನೇ 'ತೀನ್ ಪೈಶಾಚಾ ತಮಾಶಾ' ಮಾಡಿದರು, ಜಬ್ಬಾರ್ ಪಟೇಲ್ ನಿರ್ದೇಶನ, ಪುಣೆಯ ಥಿಯೇಟರ್ ಅಕಾಡೆಮಿ ಆಡಿತು.

ನನ್ನ ಸಲಹೆ ಕೇಳುವುದಾದರೆ, ಅದೇ ನಾಟಕ ತೆಗೆದುಕೊಳ್ಳಿ. ಬರ್ಲಿನ್ ಅನುಕರಣೆ ಬೇಡ, ಟೋಪಿ ಕೋಟು ಬೇಡ. ನಿಮ್ಮ ಪ್ರೇಕ್ಷಕರು ದಿನಾ ಲೋಕಲ್ ಹತ್ತುವವರು, ಸ್ಟೇಷನ್ ಸೇತುವೆ ಮೇಲೆ ಭಿಕ್ಷೆಯ ಲೆಕ್ಕಾಚಾರ ಕಂಡವರು. ಹಾಡುಗಳಿಗೆ ಹಾರ್ಮೋನಿಯಂ, ಚಂಡೆ ಸಾಕು, ವಾದ್ಯದವರನ್ನು ರಂಗದ ಮೇಲೇ ಕೂರಿಸಿ. ಎಲ್ಲಕ್ಕಿಂತ ಮುಖ್ಯ, ಕಳ್ಳರ ನಾಯಕ ಚಾಕುವಿನ ಮ್ಯಾಕ್‌ನ ಪಾತ್ರಕ್ಕೆ ತಂಡದ ಅತಿ ಸುಂದರ ಹುಡುಗನನ್ನು ಹಾಕಿ ಜನ ಅವನಿಗೆ ಸೀಟಿ ಹೊಡೆಯುವಂತೆ ಮಾಡಬೇಡಿ. ಬ್ರೆಕ್ಟ್ ಅವನನ್ನು ವ್ಯಾಪಾರಿ ಅಂತಲೇ ನೋಡಿದ. ಗುಮಾಸ್ತನ ಹಾಗೆ ಲೆಕ್ಕ ಹಾಕುವ, ನಲವತ್ತು ದಾಟಿದ, ಸ್ವಲ್ಪ ಹೊಟ್ಟೆ ಬಂದ ನಟ ಸಿಕ್ಕರೆ ಅವರಿಗೇ ಕೊಡಿ.