ಓದುಗರ ಪ್ರಶ್ನೆ: ಮಗಳ ಬಾಣಂತನಕ್ಕೆ ಜರ್ಮನಿಗೆ ಹೊರಟಿದೀನಿ

ಪ್ರಶ್ನೆ: ಮಗಳು ಅಳಿಯ ಸ್ಟಟ್‌ಗಾರ್ಟ್‌ನಲ್ಲಿದಾರೆ, ಮಗಳಿಗೆ ಈಗ ಏಳು ತಿಂಗಳು. ಇಲ್ಲಿಗೇ ಬಾರೇ ಅಂದ್ರೆ ಡಾಕ್ಟ್ರು, ಇನ್ಶೂರೆನ್ಸು ಎಲ್ಲಾ ಇಲ್ಲೇ ಇದೆ, ನೀನೇ ಬಾ ಅಂತಾಳೆ. ಅಲ್ಲಿ ಬಾಣಂತಿಗೆ ಎಣ್ಣೆ ನೀರು ಹಾಕೋರಿಲ್ಲ, ಮಗೂನ ಚಳೀಲೇ ಆಚೆ ಕರ್ಕೊಂಡು ಹೋಗ್ತಾರಂತೆ. ನೀವು ಎರಡೂ ದೇಶದಲ್ಲಿ ಇದ್ದೋರು, ಯಾರದ್ದು ಸರಿ ಹೇಳಿ. ತುಪ್ಪ, ಅಂಟಿನುಂಡೆ ತಗೊಂಡು ಹೋಗ್ಬಹುದಾ?
– ಹಾಸನದ ಓದುಗರು

ಉತ್ತರ: ಅಮ್ಮ, ಖಂಡಿತ ಹೋಗಿ. ನನ್ನ ಮೊದಲನೇ ಮಗು ಹುಟ್ಟಿದ್ದು ಸ್ಟಟ್‌ಗಾರ್ಟ್ ಹತ್ರಾನೇ, ಎರಡನೇದು ಮೈಸೂರಲ್ಲಿ ತವರುಮನೇಲಿ, ಹಂಗಾಗಿ ಎರಡು ಥರದ ಬಾಣಂತನಾನೂ ನೋಡಿದೀನಿ.

ಅಲ್ಲಿ ಬಾಣಂತೀನ ಕೇಳೋರೇ ಇಲ್ಲ ಅನ್ನೋದನ್ನ ಮೊದಲು ತಲೆಯಿಂದ ತೆಗೀರಿ. ಹೆಬಾಮೆ ಅಂತ ಇರ್ತಾರೆ, ನಮ್ಮ ಸೂಲಗಿತ್ತಿಯರ ಕೆಲಸಾನೇ, ಆದ್ರೆ ಈಗ ಅಲ್ಲಿ ಅದಕ್ಕೆ ಡಿಗ್ರಿ ಓದ್ಬೇಕು, ಹೆರಿಗೇಲಿ ಡಾಕ್ಟ್ರು ಇದ್ರೂ ಹೆಬಾಮೆ ಇರ್ಲೇಬೇಕು ಅಂತ ಕಾನೂನೇ ಇದೆ. ಮನೆಗೆ ಬಂದ್ಮೇಲೆ ಮೊದಲ 10 ದಿನ ದಿನಾ ಬಂದು ನೋಡ್ತಾರೆ, ಆಮೇಲೂ ಮಗೂಗೆ 12 ವಾರ ಆಗೋ ತನಕ ಬೇಕಾದಾಗ ಕರೀಬಹುದು, ಹೊಲಿಗೆ ಒಣಗಿದ್ಯಾ, ಮಗು ತೂಕ ಏರ್ತಿದ್ಯಾ, ಹಾಲು ಸರಿಯಾಗಿ ಕುಡೀತಿದ್ಯಾ, ಬಾಣಂತಿ ಸುಮ್ಮನೆ ಅಳ್ತಿದ್ದಾಳಾ, ಎಲ್ಲಾ ವಿಚಾರಿಸ್ತಾರೆ, ಅಲ್ಲಿನ ಸಾರ್ವಜನಿಕ ಇನ್ಶೂರೆನ್ಸ್ ಇದ್ರೆ ಕೈಯಿಂದ ದುಡ್ಡೂ ಕೊಡ್ಬೇಕಾಗಿಲ್ಲ. ನಮ್ಮಲ್ಲಿ ಹಳ್ಳಿಗಳಿಗೆ ಆಶಾ ಕಾರ್ಯಕರ್ತೆಯರು ಬರ್ತಾರೆ, ಆದ್ರೆ ಮೈಸೂರಿನ ಪ್ರೈವೇಟ್ ಆಸ್ಪತ್ರೆಯಿಂದ ಡಿಸ್ಚಾರ್ಜ್ ಆದ್ಮೇಲೆ ನನ್ನನ್ನ ಹಂಗೆ ಮನೆಗೆ ಬಂದು ನೋಡಿದೋರು ಯಾರೂ ಇಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಎಷ್ಟು ಖುಷಿಪಟ್ವಿ, ಅಂಥೋರು ಪ್ರತಿ ಬಾಣಂತಿ ಮನೆಗೂ ಬರೋ ಹಾಗಿದ್ರೆ ಅಂತ ನಂಗೆ ಈಗ್ಲೂ ಅನ್ಸತ್ತೆ. ಒಂದೇ ತೊಂದರೆ, ಅಲ್ಲಿ ಹೆಬಾಮೆ ಸಿಗೋದು ಕಷ್ಟ, ಎಷ್ಟೋ ಜನ ಬಸುರಿ ಅಂತ ಗೊತ್ತಾದ ತಕ್ಷಣ ಬುಕ್ ಮಾಡ್ತಾರೆ. ನಿಮ್ಮ ಮಗಳು ಮಾಡಿದ್ದಾಳಾ ಅಂತ ಇವತ್ತೇ ಫೋನ್ ಮಾಡಿ ಕೇಳಿ.

ಈಗ ಜಗಳ ಆಗೋ ಜಾಗಕ್ಕೆ ಬರ್ತೀನಿ. ನೀವು ಬಾಣಂತಿ ಕಿವಿಗೆ ಹತ್ತಿ ಇಟ್ಟು ಕಿಟಕಿ ಹಾಕ್ತೀರಾ, ಹೆಬಾಮೆ ಬಂದು ಚಳಿಗಾಲದಲ್ಲೂ ಅದೇ ಕಿಟಕಿ ಐದು ನಿಮಿಷ ಪೂರ್ತಿ ತೆಗೆದು ಗಾಳಿ ಆಡಿಸಿ ಅಂತಾರೆ. ನೀವು ಮಗೂಗೆ ದಿನಾ ಎಣ್ಣೆ ಹಚ್ಚಿ ನೀರು ಹಾಕ್ಬೇಕು ಅಂತೀರಾ, ಅವರು ವಾರಕ್ಕೆ ಒಂದೆರಡು ಸಲ ಸಾಕು ಅಂತಾರೆ. ಇದ್ರಲ್ಲಿ ಯಾರ ಮಾತು ಕೇಳಿದ್ರೂ ಮಗೂಗೆ ಏನೂ ಆಗಲ್ಲ, ಮಗಳಿಗೆ ಯಾವುದು ಹಿತವೋ ಹಂಗೆ ಮಾಡಿ. ಆದ್ರೆ ಎರಡು ವಿಷಯದಲ್ಲಿ ನಾನು ಪೂರ್ತಿ ಹೆಬಾಮೆ ಕಡೆ. ಒಂದು, ವರ್ಷ ತುಂಬೋ ತನಕ ಮಗು ನಾಲಿಗೆಗೆ ಜೇನುತುಪ್ಪ ಬೇಡ್ವೇ ಬೇಡ, ಅದ್ರಲ್ಲಿರಬಹುದಾದ ಬ್ಯಾಕ್ಟೀರಿಯಾ ಎಳೇ ಮಗು ಹೊಟ್ಟೇಲಿ ಬೆಳೆದು ವಿಷ ಆಗಬಹುದು, ಅಪರೂಪ ನಿಜ ಆದ್ರೆ ಜೀವಕ್ಕೇ ಅಪಾಯ. ಎರಡು, ಮಲಗಿಸುವಾಗ ಬೆನ್ನ ಮೇಲೇ ಮಲಗಿಸ್ಬೇಕು, ತಲೆ ಗುಂಡಗಾಗ್ಲಿ ಅಂತ ಇಡೋ ಸಾಸಿವೆ ದಿಂಬೂ ಬೇಡ, ಹೊದಿಕೆಯೂ ಬೇಡ, ಅಲ್ಲಿ ಕೈ ಆಚೆ ಇರೋ ಥರದ ಪುಟ್ಟ ಸ್ಲೀಪಿಂಗ್ ಬ್ಯಾಗ್ ಹಾಕ್ತಾರೆ.

ಸಾಂಬ್ರಾಣಿ ಹೊಗೆ ಹಾಕೋ ಆಸೆ ಬಿಟ್ಬಿಡಿ, ಮಲಗೋ ಕೋಣೇಲಿ ಸ್ಮೋಕ್ ಅಲಾರಂ ಕಡ್ಡಾಯ, ಕಿರುಚ್ಕೊಂಡು ಇಡೀ ಬಿಲ್ಡಿಂಗ್ ಎಬ್ಬಿಸತ್ತೆ. ಬಚ್ಚಲ ನೆಲಕ್ಕೆ ಎಷ್ಟೋ ಮನೇಲಿ ನೀರು ಹೋಗೋ ತೂತೇ ಇರಲ್ಲ, ಬಾಣಂತಿಗೆ ನೀರು ಹಾಕೋದಾದ್ರೆ ಟಬ್ ಒಳಗೆ ಸ್ಟೂಲ್ ಹಾಕಿ ಕೂರಿಸ್ಬೇಕು, ಸ್ಟೂಲ್ ಜಾರದ ಹಾಗೆ ನೋಡ್ಕೊಳ್ಳಿ, ಹೊಲಿಗೆ ಇದ್ರೆ ಹೆಬಾಮೆನ ಕೇಳೇ ಹಾಕಿ. ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಸದ್ದು ಮಾಡೋ ಹಾಗಿಲ್ಲ, ಭಾನುವಾರ ಅಂಗಡಿ ಮುಚ್ಚಿರತ್ತೆ, ಸಾಮಾನು ಶನಿವಾರಾನೇ ತಂದಿಡಿ.

ತುಪ್ಪ ತಗೊಂಡು ಹೋಗ್ಬೇಡಿ, ಹೊರಗಿನ ದೇಶದಿಂದ ಹಾಲಿನ ಪದಾರ್ಥ ತರೋ ಹಾಗಿಲ್ಲ, ಏರ್‌ಪೋರ್ಟಲ್ಲಿ ಕಿತ್ಕೋತಾರೆ. ಅಲ್ಲಿನ ಅಂಗಡೀಲೇ ಬುಟ್ಟರ್‌ಶ್ಮಾಲ್ಟ್ಸ್ ಅಂತ ಸಿಗತ್ತೆ, ಅದು ತುಪ್ಪಾನೇ. ಅಂಟು, ಮೆಂತ್ಯ, ಮೆಣಸು, ಶುಂಠಿ ಪುಡಿ ಒಯ್ದು ಉಂಡೆ ಅಲ್ಲೇ ಕಟ್ಟಿ. ಅಲ್ಲೂ ಹಾಲೂಡಿಸೋ ತಾಯಂದಿರಿಗೆ ಅಂತಾನೇ ಸೋಂಪು ಹಾಕಿದ ಟೀ ಮಾರ್ತಾರೆ, ಸಾಂಪ್ರದಾಯಿಕವಾಗಿ ಆರೆಂಟು ವಾರ ಬಾಣಂತಿ ರೆಸ್ಟ್ ತಗೋಬೇಕು ಅನ್ನೋ ಮಾತೂ ಅಲ್ಲಿದೆ. ಆದ್ರೆ ಬಿಸಿ ಅನ್ನ, ಮೆಣಸಿನ ಸಾರು ತಟ್ಟೆಗೆ ಹಾಕಿ ಊಟ ಮಾಡು ಅನ್ನೋದು, ರಾತ್ರಿ ಎರಡು ಗಂಟೇಲಿ ಮಗೂನ ಎತ್ಕೊಂಡು ನೀನು ಮಲ್ಕೋ ಅನ್ನೋದು ಹೆಬಾಮೆ ಕೆಲಸ ಅಲ್ಲ. ಮೈಸೂರಲ್ಲಿ ನಂಗೆ ಅಮ್ಮ ಅದನ್ನ ಮಾಡಿದ್ರು, ಜರ್ಮನೀಲಿ ನಾನು ಅದಕ್ಕೇ ಒದ್ದಾಡಿದ್ದು. ನೀವು ಹೋಗ್ಬೇಕಾಗಿರೋದು ಅದಕ್ಕೆ, ಹೆಬಾಮೆ ಜೊತೆ ಪೈಪೋಟಿಗೆ ಅಲ್ಲ.

ವೀಸಾ 180 ದಿನದಲ್ಲಿ 90 ದಿನಕ್ಕೆ ಮಾತ್ರ, ಅದಕ್ಕೆ ಹೆರಿಗೆ ದಿನಾಂಕಕ್ಕಿಂತ ತೀರಾ ಮುಂಚೆ ಹೋಗಿ ದಿನ ಕಳೀಬೇಡಿ. 30,000 ಯೂರೋ ಕವರ್ ಇರೋ ಟ್ರಾವೆಲ್ ಇನ್ಶೂರೆನ್ಸೂ ಬೇಕು.

ಪ್ರಶ್ನೆ: ನಾವೂ ಜರ್ಮನೀಲಿದೀವಿ, ಮಗು ಹೆಸರು ನಾಮಕರಣದ ದಿನ ಇಡ್ಬೇಕು ಅಂತ ಅತ್ತೆ ಹೇಳ್ತಾರೆ, ಆಸ್ಪತ್ರೇಲಿ ಈಗ್ಲೇ ಹೇಳಿ ಅಂತಾರೆ.
– ಮ್ಯೂನಿಕ್‌ನ ಓದುಗರು

ಉತ್ತರ: ಹುಟ್ಟಿದ್ದನ್ನ ಒಂದು ವಾರದೊಳಗೆ ತಿಳಿಸ್ಬೇಕು, ಆದ್ರೆ ಹೆಸರು ಕೊಡೋಕೆ ಒಂದು ತಿಂಗಳು ಟೈಮ್ ಇದೆ. ಅತ್ತೆ ಮಾತು ಆರಾಮಾಗಿ ನಡೆಸ್ಬಹುದು, ಆದ್ರೆ ಹೆಸರು ಬರೆಸೋ ತನಕ ಬರ್ತ್ ಸರ್ಟಿಫಿಕೇಟ್ ಕೈಗೆ ಬರಲ್ಲ, ಪಾಸ್‌ಪೋರ್ಟ್ ಕೆಲಸಾನೂ ತಡ ಆಗತ್ತೆ. ನಿಮ್ಮ ಪಾಸ್‌ಪೋರ್ಟಲ್ಲಿ ಬರೀ ಇನಿಶಿಯಲ್ ಇದ್ದು ಸರ್‌ನೇಮ್ ಇಲ್ದಿದ್ರೆ ಅದಕ್ಕೆ ಓಡಾಟ ಜಾಸ್ತಿ, ಆ ಕಾಗದಪತ್ರ ಹೆರಿಗೆಗೆ ಮುಂಚೇನೇ ವಿಚಾರಿಸಿ ರೆಡಿ ಇಟ್ಕೊಳ್ಳಿ.