ಬಾಸ್ಟನ್‌ನ ಬಾಯ್ಲ್‌ಸ್ಟನ್ ಸ್ಟೇಷನ್‌ನಲ್ಲಿ ಬರೋದು ಮೆಟ್ರೋನಾ, ಟ್ರಾಮಾ?

ನಿಮ್ಮ ಮಗಳು ಎಮರ್ಸನ್ ಕಾಲೇಜಿಗೆ ಸೇರ್ತಿದ್ದಾಳೆ, ಪಕ್ಕದ ಸ್ಟೇಷನ್ ಬಾಯ್ಲ್‌ಸ್ಟನ್, ಮ್ಯಾಪಿನಲ್ಲಿ ಸಬ್‌ವೇ ಅಂತಿದೆ ಆದರೆ ಫೋಟೋದಲ್ಲಿ ಟ್ರಾಮ್ ಕಾಣುತ್ತೆ, ಯಾವುದು ಸರಿ ಅಂತ ಕೇಳಿದ್ದೀರಿ. ಎರಡೂ ಸರಿ. ಅದು ನೆಲದಡಿಯ ಟ್ರಾಮ್ ಸ್ಟೇಷನ್. ನಾನು ಇದೇ ಊರಿನಲ್ಲಿದ್ದೇನೆ, ಈ ಸ್ಟೇಷನ್ ಇರೋ ಗ್ರೀನ್ ಲೈನ್ ಟ್ರಾಮ್‌ನಲ್ಲೇ ಓಡಾಡುತ್ತೇನೆ, ಈ ಸ್ಟೇಷನ್ ಮೇಲೆ ನನಗೆ ಸ್ವಲ್ಪ ಜಾಸ್ತಿಯೇ ಪ್ರೀತಿ. ಹಾಗಾಗಿ ಉತ್ತರವೂ ಸ್ವಲ್ಪ ಉದ್ದ ಇದೆ.

ನಮ್ಮ ಮೆಟ್ರೋ ಮನಸ್ಸಿನಲ್ಲಿಟ್ಟುಕೊಂಡು ಹೋದರೆ ಇಲ್ಲಿ ಗೊಂದಲ ಆಗುತ್ತೆ. ಬೆಂಗಳೂರಿನಲ್ಲಿ ರೈಲಿಗೆ ಕರೆಂಟ್ ಬರೋದು ಹಳಿ ಪಕ್ಕದ ಮೂರನೇ ಹಳಿಯಿಂದ. ಇಲ್ಲಿ ಮೇಲೆ ತಂತಿ ಇದೆ. ಪ್ಲಾಟ್‌ಫಾರ್ಮ್ ತುಂಬಾ ತಗ್ಗು, ಹಳಿಗಿಂತ ಸ್ವಲ್ಪವೇ ಎತ್ತರ. ಯಾಕಂದ್ರೆ ಇದೇ ಗಾಡಿ ಮುಂದೆ ಸುರಂಗದಿಂದ ಹೊರಗೆ ಬಂದು ರಸ್ತೆಗೆ ಇಳಿಯುತ್ತೆ. ಗ್ರೀನ್ ಲೈನಿಗೆ ಬಿ, ಸಿ, ಡಿ, ಇ ಅಂತ ನಾಲ್ಕು ಕವಲು. ಬಿ ಲೈನ್ ಕಾಮನ್‌ವೆಲ್ತ್ ಅವೆನ್ಯೂ ಮಧ್ಯದಲ್ಲಿ ಬಾಸ್ಟನ್ ಯೂನಿವರ್ಸಿಟಿ ಮುಂದೆ ಹಾದು, ಕೆಂಪು ಸಿಗ್ನಲ್ ಬಂದರೆ ಕಾರುಗಳ ಜೊತೆ ಕಾಯುತ್ತಾ ಹೋಗುತ್ತೆ. ಇ ಲೈನಿನ ಕೊನೆಯ ಭಾಗದಲ್ಲಂತೂ ಟ್ರಾಮಿಗೆ ಬೇರೆ ದಾರಿಯೇ ಇಲ್ಲ, ಕಾರು ಬಸ್ಸುಗಳ ನಡುವೆಯೇ ಓಡುತ್ತೆ.

ಹೀಗೆ ಯಾಕೆ ಮಾಡಿದರು ಅನ್ನೋದೇ ನನಗೆ ಇಷ್ಟವಾದ ಭಾಗ. 1889ರಿಂದ ಬಾಸ್ಟನ್‌ನಲ್ಲಿ ಕುದುರೆ ಎಳೆಯುವ ಟ್ರಾಮ್‌ಗಳ ಜಾಗಕ್ಕೆ ಕರೆಂಟ್ ಟ್ರಾಮ್ ಬರೋಕೆ ಶುರುವಾಯಿತು. ಎಲ್ಲ ದಿಕ್ಕಿನಿಂದ ಬಂದ ಗಾಡಿಗಳೂ ಊರ ನಡುವಿನ ಟ್ರೆಮಾಂಟ್ ಸ್ಟ್ರೀಟಿಗೇ ಬಂದು ಸೇರುತ್ತಿದ್ದವು, ಒಂದರ ಹಿಂದೆ ಒಂದು ಅಂಟಿಕೊಂಡು ನಿಲ್ಲುತ್ತಿದ್ದವು, ಅವುಗಳ ಛಾವಣಿ ಮೇಲೇ ನಡೆದು ಹೋದರೆ ಬೇಗ ತಲುಪಬಹುದು ಅಂತ ಜನ ಹೇಳುತ್ತಿದ್ದರಂತೆ. ರಸ್ತೆ ಅಗಲ ಮಾಡೋಣ ಅಂದರೆ ಒಂದು ಕಡೆ ಬಾಸ್ಟನ್ ಕಾಮನ್, ಊರಿನ ಹಳೆಯ ಬಯಲು. ಅದನ್ನು ಮುಟ್ಟೋಕೆ ಜನ ಒಪ್ಪಲಿಲ್ಲ. ಕೊನೆಗೆ 1895ರಲ್ಲಿ ಅಗೆಯೋಕೆ ಶುರು ಮಾಡಿದರು. ಹೊಸ ರೈಲು ತರಲಿಲ್ಲ, ಇದ್ದ ಟ್ರಾಮನ್ನೇ ಜನ ಜಾಸ್ತಿ ಇರೋ ಕಡೆ ಮಾತ್ರ ನೆಲದಡಿಗೆ ಇಳಿಸಿದರು. ಹೊರವಲಯದಲ್ಲಿ ಹತ್ತಿದವನು ಗಾಡಿ ಬದಲಾಯಿಸದೆ ಊರ ನಡುವೆ ಇಳಿಯಬಹುದು. ಇದಕ್ಕಿಂತ ಒಳ್ಳೆಯ ಯೋಚನೆ ಆಗ ಯಾರಿಗೂ ಹೊಳೆದಿರಲಿಲ್ಲ ಅಂತ ನನ್ನ ಅನಿಸಿಕೆ. ಕರೆಂಟ್ ಗಾಡಿ ಆದ್ದರಿಂದ ಹೊಗೆಯ ಕಾಟವೂ ಇಲ್ಲ. ಲಂಡನ್‌ನಲ್ಲಿ 1863ರಲ್ಲಿ ಶುರುವಾದ ನೆಲದಡಿ ರೈಲು ಉಗಿಬಂಡಿ ಅಲ್ವಾ, ಅಲ್ಲಿ ಹೊಗೆ ದೊಡ್ಡ ತಲೆನೋವಾಗಿತ್ತು.

ಕೆಲಸ ಸುಲಭಕ್ಕೆ ಆಗಲಿಲ್ಲ. ಬಾಯ್ಲ್‌ಸ್ಟನ್ ಹತ್ತಿರ ಹಳೆಯ ಸ್ಮಶಾನ ಇದೆ. ಅಗೆಯುವಾಗ 900ಕ್ಕೂ ಜಾಸ್ತಿ ಜನರ ಅವಶೇಷ ಸಿಕ್ಕಿತು, ಅವನ್ನು ಅದೇ ಸ್ಮಶಾನದಲ್ಲಿ ಮತ್ತೆ ಹೂಳಿದರು. 1897ರ ಮಾರ್ಚ್‌ನಲ್ಲಿ ಇದೇ ಮೂಲೆಯಲ್ಲಿ ಸೋರಿದ ಗ್ಯಾಸ್ ಸಿಡಿದು ಹಲವರು ಸತ್ತರು. ಆಗ ಸುರಂಗದಲ್ಲಿ ಟ್ರಾಮ್ ಓಡಾಟ ಇನ್ನೂ ಶುರುವಾಗಿರಲಿಲ್ಲ. ಅದೇ ವರ್ಷ ಸೆಪ್ಟೆಂಬರ್ 1ರಂದು ಆಲ್‌ಸ್ಟನ್ ಕಡೆಯಿಂದ ಜನರನ್ನು ತುಂಬಿಕೊಂಡು ಮೊದಲ ಟ್ರಾಮ್ ಒಳಗೆ ಬಂತು. ಟಿಕೆಟ್ 5 ಸೆಂಟ್. ಅಮೆರಿಕದ ಮೊದಲ ಸಬ್‌ವೇ ಇದು. ಅವತ್ತು ತೆರೆದದ್ದು ಎರಡೇ ಸ್ಟೇಷನ್, ಪಾರ್ಕ್ ಸ್ಟ್ರೀಟ್ ಮತ್ತು ನಿಮ್ಮ ಮಗಳ ಬಾಯ್ಲ್‌ಸ್ಟನ್. ಪಾರ್ಕ್ ಸ್ಟ್ರೀಟ್ ಆಮೇಲೆ ತುಂಬಾ ಬದಲಾಯಿತು, 1912ರಲ್ಲಿ ಅದರ ಕೆಳಗೆ ಇನ್ನೊಂದು ಲೈನ್ ಬಂತು. ಬಾಯ್ಲ್‌ಸ್ಟನ್ ಅಷ್ಟು ಬದಲಾಗಿಲ್ಲ. ಸಾಲು ಸಾಲು ಕಂಬ, ತಗ್ಗು ಚಾವಣಿ. ನಾಲ್ಕು ಹಳಿ ಹಾಕಿದ್ದರು, ಹೊರಗಿನ ಎರಡು ಹಳಿ ದಕ್ಷಿಣದ ಕಡೆ ಹೋಗುತ್ತಿದ್ದವು. ಆ ಸುರಂಗ 1960ರ ದಶಕದಿಂದ ಖಾಲಿ ಬಿದ್ದಿದೆ. ಅದನ್ನು ಮತ್ತೆ ಬಳಸಬೇಕು ಅನ್ನೋ ಆಸೆ ಇಲ್ಲಿ ಸುಮಾರು ಜನರಿಗಿದೆ, ನನಗೂ ಇದೆ.

ಮಗಳಿಗೆ ಮೊದಲ ದಿನ ಒಂದು ಕಿರುಚುವ ಸದ್ದು ಕೇಳುತ್ತೆ. ಗಾಬರಿ ಬೇಡ ಅನ್ನಿ. ಟ್ರೆಮಾಂಟ್ ಸ್ಟ್ರೀಟಿನಿಂದ ಬಾಯ್ಲ್‌ಸ್ಟನ್ ಸ್ಟ್ರೀಟಿಗೆ ಹಳಿ ಗಕ್ಕನೆ ತಿರುಗುತ್ತೆ, ಅಲ್ಲಿ ಚಕ್ರ ಹಳಿಗೆ ಉಜ್ಜುವ ಸದ್ದು ಅದು. ಮೇಲಿನ ರಸ್ತೆ ಹೇಗೆ ತಿರುಗುತ್ತೋ ಹಾಗೇ ಸುರಂಗವೂ ತಿರುಗಿದೆ. ಗಾಡಿ ಒಮ್ಮೊಮ್ಮೆ ಬರೋದೇ ಇಲ್ಲ, ಆಮೇಲೆ ಮೂರು ಒಟ್ಟಿಗೆ ಬರುತ್ತವೆ. ನಾಲ್ಕು ಲೈನೂ ಈ ಒಂದೇ ಸುರಂಗಕ್ಕೆ ಬಂದು ಸೇರುವುದರಿಂದ ರಸ್ತೆ ಸಿಗ್ನಲ್‌ನಲ್ಲಿ ಆದ ತಡ ಇಲ್ಲಿವರೆಗೂ ಬರುತ್ತೆ.

ಇನ್ನು ಅವಳು ತಿಳಿದಿರಲೇಬೇಕಾದದ್ದು. ಎರಡು ದಿಕ್ಕಿಗೆ ಬೇರೆ ಬೇರೆ ಬಾಗಿಲು, ಒಳಗಿಂದ ದಾಟೋಕೆ ಆಗಲ್ಲ. ತಪ್ಪು ಬಾಗಿಲಲ್ಲಿ ಇಳಿದರೆ ಮೇಲೆ ಬಂದು ರಸ್ತೆ ದಾಟಬೇಕು, ಅದಕ್ಕೇ ಇಳಿಯೋ ಮುಂಚೆ ಬೋರ್ಡ್ ಓದಲಿ. ಲಿಫ್ಟ್ ಇಲ್ಲ. ಮೆಟ್ಟಿಲೇ ಗತಿ. ಮೆಟ್ಟಿಲು ಹತ್ತೋಕೆ ಆಗದ ವಯಸ್ಸಾದವರು, ಗಾಲಿಕುರ್ಚಿಯವರು ಈ ಸ್ಟೇಷನ್ ಬಳಸೋಕೇ ಆಗಲ್ಲ, ಅದು ನನಗೆ ನಿಜವಾಗಿಯೂ ಬೇಜಾರಿನ ವಿಷಯ. ಹಳೆಯದನ್ನು ಕಾಪಾಡೋದು ಮತ್ತು ಎಲ್ಲರನ್ನೂ ಒಳಗೆ ಬಿಡೋದು ಎರಡೂ ಆಗಬೇಕು.

ಹಾಗಾಗಿ ಸೂಟ್‌ಕೇಸ್ ಹಿಡಿದು ಬರುವ ದಿನ ಬಾಯ್ಲ್‌ಸ್ಟನ್‌ಗೆ ಬರೋದು ಬೇಡ. ಏರ್‌ಪೋರ್ಟಿನಿಂದ ಸಿಲ್ವರ್ ಲೈನ್ ಎಸ್‌ಎಲ್1 ಬಸ್ ಹತ್ತಲಿ, ಅಲ್ಲಿಂದ ಹತ್ತುವವರಿಗೆ ಟಿಕೆಟ್ ಬೇಕಾಗಿಲ್ಲ. ಸೌತ್ ಸ್ಟೇಷನ್‌ನಲ್ಲಿ ಇಳಿದು ರೆಡ್ ಲೈನ್‌ನಲ್ಲಿ ಎರಡು ಸ್ಟಾಪ್, ಪಾರ್ಕ್ ಸ್ಟ್ರೀಟ್. ಅಲ್ಲಿ ಲಿಫ್ಟ್ ಇದೆ. ಮೇಲೆ ಬಂದು ಕಾಮನ್ ಪಕ್ಕದಲ್ಲೇ ಟ್ರೆಮಾಂಟ್ ಸ್ಟ್ರೀಟ್ ಹಿಡಿದು ನಡೆದರೆ ಕಾಲೇಜು ಹತ್ತಿರವೇ.