ಪೆಸಿಫಿಕ್ ರಿಮ್ ದೊಡ್ಡವರು ನೋಡುವಂಥದ್ದಾ? ಹೌದು, ಆದರೆ ಮೊಬೈಲಿನಲ್ಲಿ ಬೇಡ

ನೀವು ಕೇಳಿದ್ದು ಇದು: 11 ವರ್ಷದ ಮಗ 'ಪೆಸಿಫಿಕ್ ರಿಮ್' ಒಟ್ಟಿಗೆ ಕೂತು ನೋಡೋಣ ಅಂತ ಹಠ ಹಿಡಿದಿದ್ದಾನೆ. ನೀವು ಹಿಂದೆ 'ಟ್ರಾನ್ಸ್‌ಫಾರ್ಮರ್ಸ್' ನೋಡಲು ಹೋಗಿ ತಲೆನೋವು ಬಂದು ಅರ್ಧಕ್ಕೇ ಎದ್ದಿದ್ದೀರಿ. ಎರಡು ಗಂಟೆ ಕಬ್ಬಿಣದ ಗೊಂಬೆಗಳು ಬಡಿದಾಡುವುದರಲ್ಲಿ ದೊಡ್ಡವರು ನೋಡುವಂಥದ್ದು ಏನಾದರೂ ಇದೆಯಾ, ಇಲ್ಲಾ ಅವನ ಕೈಗೆ ಮೊಬೈಲ್ ಕೊಟ್ಟು ಸುಮ್ನೆ ಬಿಟ್ಟರೆ ಸಾಕಾ?

ಇದೆ. ದಯವಿಟ್ಟು ಒಟ್ಟಿಗೆ ಕೂತು ನೋಡಿ. ಇದು ನನಗೆ ತುಂಬಾ ಪ್ರೀತಿಯ ಸಿನಿಮಾ, ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ. 2013ರ ಜುಲೈನಲ್ಲಿ ಬಿಡುಗಡೆಯಾದಾಗ ಬೆಂಗಳೂರಿನ ಥಿಯೇಟರಿನಲ್ಲಿ ನೋಡಿದೆ, ಆಮೇಲೆ ಮನೆಯಲ್ಲಿ ಎಷ್ಟೋ ಸಲ ನೋಡಿದ್ದೇನೆ. ನಿಮಗೆ ತಲೆನೋವು ತಂದದ್ದು ತೂಕವೇ ಇಲ್ಲದ ರೋಬೋಟ್‌ಗಳು ಅಂತ ನನ್ನ ಅನಿಸಿಕೆ. ಇಂಥ ಸಿನಿಮಾದಲ್ಲಿ ಕಥೆ ಹೇಗಾದರೂ ಇರಲಿ, ಪರದೆಯ ಮೇಲಿರುವ ವಸ್ತು ಭಾರವಾಗಿದೆ ಅಂತ ಕಣ್ಣು ಒಪ್ಪಬೇಕು. ಒಪ್ಪದಿದ್ದರೆ ಎಷ್ಟು ಕೋಟಿ ಸುರಿದರೂ ಅದು ಬರೀ ಗದ್ದಲ. ಪೆಸಿಫಿಕ್ ರಿಮ್‌ನಲ್ಲಿ ಕಣ್ಣು ಒಪ್ಪುತ್ತದೆ.

ಕಥೆ ಸರಳ. ಪೆಸಿಫಿಕ್ ಸಾಗರದ ತಳದಲ್ಲಿ ಒಂದು ಬಿರುಕು. ಅದು ಬೇರೊಂದು ಲೋಕದ ಬಾಗಿಲು. ಅಲ್ಲಿಂದ ಕೈಜು ಅನ್ನುವ ದೈತ್ಯ ಪ್ರಾಣಿಗಳು ಒಂದೊಂದಾಗಿ ಮೇಲೆ ಬರುತ್ತವೆ. ಮೊದಲನೆಯದು ಸ್ಯಾನ್ ಫ್ರಾನ್ಸಿಸ್ಕೊಗೆ ನುಗ್ಗುತ್ತದೆ. ಟ್ಯಾಂಕು, ವಿಮಾನ, ಕ್ಷಿಪಣಿ ಎಲ್ಲ ಸೇರಿ ಅದನ್ನು ಕೆಡವುವಷ್ಟರಲ್ಲಿ ಆರು ದಿನ ಆಗಿರುತ್ತದೆ, ಮೂರು ಊರು ನೆಲಸಮವಾಗಿರುತ್ತವೆ. ಆಮೇಲೆ ದೇಶಗಳೆಲ್ಲ ಸೇರಿ ಯೇಗರ್ ಅನ್ನುವ ದೈತ್ಯ ರೋಬೋಟ್‌ಗಳನ್ನು ಕಟ್ಟುತ್ತವೆ. ಅಮೆರಿಕದ್ದು ಜಿಪ್ಸಿ ಡೇಂಜರ್, ರಷ್ಯಾದ್ದು ಚೆರ್ನೊ ಆಲ್ಫಾ, ಚೀನಾದ್ದು ಮೂರು ಕೈಯ ಕ್ರಿಮ್ಸನ್ ಟೈಫೂನ್, ಆಸ್ಟ್ರೇಲಿಯಾದ್ದು ಸ್ಟ್ರೈಕರ್ ಯುರೇಕಾ. ಈ ಹೆಸರುಗಳು ನಿಮ್ಮ ಮಗನಿಗೆ ಆಗಲೇ ಬಾಯಿಪಾಠ ಆಗಿರಬೇಕು. ಕೊನೆ ಏನಾಗುತ್ತದೆ ಅಂತ ನಾನು ಹೇಳುವುದಿಲ್ಲ.

ಈಗ ತೂಕದ ವಿಷಯ. ಜಾತ್ರೆಯಲ್ಲಿ ದೊಡ್ಡ ತೇರು ಎಳೆಯುವುದನ್ನು ನೋಡಿದ್ದೀರಾ? ನೂರಾರು ಜನ ಹಗ್ಗ ಹಿಡಿದು ಜಗ್ಗಿದರೂ ಮೊದಲು ಅಲುಗುವುದಿಲ್ಲ. ಆಮೇಲೆ ಕಿರುಗುಟ್ಟಿ ಮೆಲ್ಲಗೆ ಉರುಳುತ್ತದೆ. ಒಮ್ಮೆ ಉರುಳಲು ಶುರುವಾದರೆ ಬೇಕೆಂದ ಜಾಗದಲ್ಲಿ ನಿಲ್ಲುವುದಿಲ್ಲ, ಗಾಲಿಗೆ ಮರದ ತುಂಡು ಕೊಟ್ಟೇ ನಿಲ್ಲಿಸಬೇಕು. ಗಾಲಿ ನಿಂತ ಮೇಲೂ ಮೇಲಿನ ಕಳಶ ಒಂದಷ್ಟು ಹೊತ್ತು ತೂಗಾಡುತ್ತಿರುತ್ತದೆ. ಜಿಪ್ಸಿ ಡೇಂಜರ್ ಒಂದು ಏಟು ಹೊಡೆಯುವುದನ್ನು ಹೀಗೇ ನೋಡಿ. ಮೊದಲು ಸೊಂಟ ತಿರುಗುತ್ತದೆ, ಆಮೇಲೆ ಭುಜ, ಆಮೇಲೆ ತೋಳು, ಕೊನೆಗೆ ಮುಷ್ಟಿ. ಏಟು ತಪ್ಪಿದರೆ ಇಡೀ ದೇಹ ಮುಗ್ಗರಿಸುತ್ತದೆ. ಕೈ ಎತ್ತಿದಾಗ ಅದರಿಂದ ಸಮುದ್ರದ ನೀರು ಹರಿದು ಇಳಿಯುತ್ತಲೇ ಇರುತ್ತದೆ, ಮುಗಿಯುವುದೇ ಇಲ್ಲ.

ಇದರ ಹಿಂದೆ ಸಣ್ಣ ಲೆಕ್ಕ ಇದೆ. ಮನುಷ್ಯನ ತಲೆಯ ಎತ್ತರದಿಂದ ಬಿಟ್ಟ ಕಲ್ಲು ನೆಲ ಮುಟ್ಟಲು ಸುಮಾರು 0.6 ಸೆಕೆಂಡ್ ಸಾಕು. ಜಿಪ್ಸಿ ಡೇಂಜರ್‌ನ ಎತ್ತರ 260 ಅಡಿ, ಅಂದರೆ ಸುಮಾರು 79 ಮೀಟರ್. ಅದರ ತಲೆಯಿಂದ ಬಿಟ್ಟ ಕಲ್ಲಿಗೆ 4 ಸೆಕೆಂಡ್ ಬೇಕು. ಅಷ್ಟು ದೊಡ್ಡ ದೇಹ ಎಡವಿದರೆ ಬೀಳುವುದಕ್ಕೂ ಅದೇ ಲೆಕ್ಕದಲ್ಲಿ ಹೊತ್ತು ಹಿಡಿಯುತ್ತದೆ. ನಮ್ಮ ಕಣ್ಣಿಗೆ ಇದು ಯಾರೂ ಹೇಳಿಕೊಡದೆ ಗೊತ್ತು. ದೈತ್ಯ ಅಂತ ಹೇಳಿದ ವಸ್ತು ಮನುಷ್ಯನ ವೇಗದಲ್ಲಿ ಬಿದ್ದು ಎದ್ದರೆ ಕಣ್ಣು ತಕ್ಷಣ ಅದನ್ನು ಆಟಿಕೆ ಅಂತ ತೀರ್ಮಾನಿಸಿಬಿಡುತ್ತದೆ. 1954ರಲ್ಲಿ ಜಪಾನಿನಲ್ಲಿ 'ಗಾಡ್ಜಿಲಾ' ಮಾಡಿದವರಿಗೂ ಇದು ಗೊತ್ತಿತ್ತು. ರಬ್ಬರ್ ವೇಷ ತೊಟ್ಟ ಮನುಷ್ಯ ಪುಟ್ಟ ಪುಟ್ಟ ಮನೆಗಳ ನಡುವೆ ನಡೆಯುವುದನ್ನು ಕ್ಯಾಮೆರಾ ಜಾಸ್ತಿ ವೇಗದಲ್ಲಿ ಓಡಿಸಿ ಚಿತ್ರೀಕರಿಸುತ್ತಿದ್ದರು. ಅದನ್ನು ಮಾಮೂಲಿ ವೇಗದಲ್ಲಿ ತೋರಿಸಿದಾಗ ಪರದೆಯ ಮೇಲೆ ಎಲ್ಲವೂ ನಿಧಾನವಾಗಿ, ಭಾರವಾಗಿ ಕಾಣುತ್ತಿತ್ತು. ಪೆಸಿಫಿಕ್ ರಿಮ್‌ನ ನಿರ್ದೇಶಕ, ಮೆಕ್ಸಿಕೊದ ಗಿಯೆರ್ಮೊ ದೆಲ್ ತೊರೊ, ಆ ಪರಂಪರೆಯನ್ನು ಪ್ರೀತಿಸಿದ ಮನುಷ್ಯ. ಗಾಡ್ಜಿಲಾ ನಿರ್ದೇಶಿಸಿದ ಇಷಿರೊ ಹೊಂಡಾ ಮತ್ತು ಗೊಂಬೆಗಳನ್ನು ಒಂದೊಂದೇ ಫ್ರೇಮಿನಲ್ಲಿ ಅಲುಗಿಸಿ ರಾಕ್ಷಸರಿಗೆ ಜೀವ ತುಂಬಿದ ರೇ ಹ್ಯಾರಿಹೌಸನ್, ಈ ಇಬ್ಬರಿಗೆ ಅವರು ಈ ಸಿನಿಮಾ ಅರ್ಪಿಸಿದ್ದಾರೆ.

ಇನ್ನೊಂದು ಗಮನಿಸಿ. ಜಗಳಗಳೆಲ್ಲ ಹೆಚ್ಚಾಗಿ ರಾತ್ರಿ, ಮಳೆಯಲ್ಲಿ, ಸಮುದ್ರದಲ್ಲಿ ನಡೆಯುತ್ತವೆ. ಗ್ರಾಫಿಕ್ಸ್ ಮುಚ್ಚಿಡಲು ಕತ್ತಲೆ ಬಳಸಿದ್ದಾರೆ ಅಂತ ಕೆಲವರು ದೂರುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಮಳೆ ಹನಿ ಎಷ್ಟು ದೊಡ್ಡದು ಅಂತ ನಮಗೆ ಗೊತ್ತು, ಅಲೆ ಎಷ್ಟು ಎತ್ತರ ಅಂತ ಗೊತ್ತು, ಹೆಲಿಕಾಪ್ಟರ್ ಎಷ್ಟು ದೊಡ್ಡದು ಅಂತ ಗೊತ್ತು. ಅವುಗಳ ಪಕ್ಕದಲ್ಲಿ ನಿಲ್ಲಿಸಿದಾಗಲೇ ರೋಬೋಟಿನ ಅಳತೆ ಮನಸ್ಸಿಗೆ ಇಳಿಯುವುದು. ಅಲಾಸ್ಕಾ ಕಡಲಿನ ಮೊದಲ ಕಾಳಗದಲ್ಲಿ ಒಂದು ಮೀನುಗಾರಿಕೆ ದೋಣಿ ಬರುತ್ತದೆ, ಅದನ್ನು ಜಿಪ್ಸಿ ಡೇಂಜರ್ ಅಂಗೈಯಲ್ಲಿ ಎತ್ತಿ ಪಕ್ಕಕ್ಕೆ ಇಡುತ್ತದೆ. ಹಾಂಗ್‌ಕಾಂಗ್ ಬೀದಿಯಲ್ಲಿ ಅದೇ ರೋಬೋಟ್ ಒಂದು ಹಡಗನ್ನೇ ದೊಣ್ಣೆಯಂತೆ ಎಳೆದುಕೊಂಡು ಬರುತ್ತದೆ. ಆದರೆ ನನಗೆ ಅತಿ ಇಷ್ಟವಾದ ಶಾಟ್ ಇದಾವುದೂ ಅಲ್ಲ. ಅದೇ ಹಾಂಗ್‌ಕಾಂಗ್ ಕಾಳಗದಲ್ಲಿ ಗುರಿ ತಪ್ಪಿದ ಮುಷ್ಟಿ ಒಂದು ಆಫೀಸ್ ಕಟ್ಟಡದೊಳಗೆ ನುಗ್ಗುತ್ತದೆ, ಗಾಜು, ಗೋಡೆ, ಕುರ್ಚಿ, ಮೇಜು ಎಲ್ಲ ಪುಡಿ ಮಾಡುತ್ತಾ ಬಂದು ಒಂದು ಮೇಜಿನ ಹತ್ತಿರ ಅದರ ಓಟ ಮುಗಿಯುತ್ತದೆ. ಆ ಮೇಜಿನ ಮೇಲೆ ಉಕ್ಕಿನ ಗುಂಡುಗಳನ್ನು ಸಾಲಾಗಿ ದಾರದಲ್ಲಿ ತೂಗುಬಿಟ್ಟ ಆಟಿಕೆ ಇದೆ. ಮುಷ್ಟಿ ಅದಕ್ಕೆ ಬರೀ ತಾಗುತ್ತದೆ, ಅಷ್ಟೇ. ಗುಂಡುಗಳು ಟಿಕ್ ಟಿಕ್ ಅಂತ ಆಡತೊಡಗುತ್ತವೆ. ಮಗನಿಗೆ ಆ ಶಾಟ್ ಬಂದಾಗ ನಿಲ್ಲಿಸಿ ತೋರಿಸಿ.

ಎಲ್ಲವೂ ಕಂಪ್ಯೂಟರಿನಲ್ಲೇ ಆಗಿದ್ದು ಅಂದುಕೊಳ್ಳಬೇಡಿ. ರೋಬೋಟ್‌ಗಳ ಗ್ರಾಫಿಕ್ಸ್ ಮಾಡಿದ್ದು ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಕಂಪನಿ. ಆದರೆ ಪೈಲಟ್‌ಗಳು ನಿಲ್ಲುವ ತಲೆಯೊಳಗಿನ ಕೋಣೆಯನ್ನು ಟೊರಾಂಟೊದ ಸ್ಟುಡಿಯೊದಲ್ಲಿ ನಿಜವಾಗಿ ಕಟ್ಟಿ, ಯಂತ್ರಗಳ ಮೇಲೆ ಕೂರಿಸಿ ಅಲ್ಲಾಡಿಸಿ, ಒಳಗಿದ್ದ ನಟರ ಮೇಲೆ ನೀರು ಸುರಿದು ಚಿತ್ರೀಕರಿಸಿದ್ದಾರೆ. ಅವರ ಮುಖದ ಮೇಲಿನ ಸುಸ್ತು ನಿಜವಾದದ್ದು.

ಟ್ರಾನ್ಸ್‌ಫಾರ್ಮರ್ಸ್ ನಿಮಗೆ ಯಾಕೆ ಒಗ್ಗಲಿಲ್ಲ ಅನ್ನುವುದಕ್ಕೂ ಇಲ್ಲೇ ಉತ್ತರ ಇರಬಹುದು. 2007ರ ಆ ಸಿನಿಮಾದ ಮುಖ್ಯ ರೋಬೋಟ್ ಆಪ್ಟಿಮಸ್ ಪ್ರೈಮ್ ಸುಮಾರು 28 ಅಡಿ ಎತ್ತರ, ಎರಡೂವರೆ ಮಹಡಿಯಷ್ಟು. ಅಷ್ಟು ಎತ್ತರದವನು ಚುರುಕಾಗಿ ಓಡಿದರೆ ತಪ್ಪಿಲ್ಲ. ಆದರೆ ಕ್ಯಾಮೆರಾ ತೀರಾ ಹತ್ತಿರ ಹೋಗುತ್ತದೆ, ಸುತ್ತುತ್ತದೆ, ಶಾಟ್ ಬೇಗ ಬೇಗ ಬದಲಾಗುತ್ತದೆ. ಯಾರ ಕೈ ಯಾರ ಕತ್ತು ಅಂತ ತಿಳಿಯುವಷ್ಟರಲ್ಲಿ ಮುಗಿದಿರುತ್ತದೆ. ದೆಲ್ ತೊರೊ ಕ್ಯಾಮೆರಾವನ್ನು ದೂರ ಇಡುತ್ತಾರೆ. ದಡದಿಂದ, ಹೆಲಿಕಾಪ್ಟರಿನಿಂದ, ನೀರಿನ ಮಟ್ಟದಿಂದ, ಒಬ್ಬ ಮನುಷ್ಯ ನಿಂತು ನೋಡಬಹುದಾದ ಜಾಗಗಳಿಂದ.

ವಿಜ್ಞಾನ ಸರಿ ಇದೆಯಾ ಅಂತ ಕೇಳಿದರೆ, ಇಲ್ಲ. ದೇಹ ಎಲ್ಲ ಕಡೆಗೂ 10 ಪಟ್ಟು ಹಿಗ್ಗಿದರೆ ಕಾಲಿನ ಅಡ್ಡಕೊಯ್ತದ ವಿಸ್ತೀರ್ಣ, ಅಂದರೆ ಭಾರ ಹೊರುವ ಜಾಗ, 100 ಪಟ್ಟು ಆಗುತ್ತದೆ. ತೂಕ ಮಾತ್ರ 1000 ಪಟ್ಟು. ಗೆಲಿಲಿಯೊ 1638ರಲ್ಲೇ ಬರೆದ ವಿಷಯ ಇದು. 79 ಮೀಟರ್ ದೇಹ ಎರಡು ಕಾಲಿನ ಮೇಲೆ ಓಡಾಡುವುದು ಆಗದ ಮಾತು. ಜಿಪ್ಸಿ ಡೇಂಜರ್‌ನ ತೂಕ 1,980 ಟನ್ ಅಂತ ಕೊಟ್ಟಿದ್ದಾರೆ. ಒಬ್ಬ 70 ಕಿಲೊ ಮನುಷ್ಯನನ್ನೇ ಅಷ್ಟೆತ್ತರಕ್ಕೆ ಹಿಗ್ಗಿಸಿದರೆ 6,000 ಟನ್ ದಾಟುತ್ತಾನೆ, ಮನುಷ್ಯ ನೀರಿನಲ್ಲಿ ಹೆಚ್ಚುಕಡಿಮೆ ತೇಲುವವನು. ಅಂದ ಮೇಲೆ ಕಾಗದದ ಮೇಲಿನ ಜಿಪ್ಸಿ ಡೇಂಜರ್ ಸಮುದ್ರದಲ್ಲಿ ಮುಳುಗುವುದೇ ಇಲ್ಲ! ಇನ್ನು ಅದನ್ನು ಕೆಲವು ಹೆಲಿಕಾಪ್ಟರ್‌ಗಳು ಎತ್ತಿಕೊಂಡು ಹಾರುತ್ತವೆ. ನಿಜದ ಲೋಕದ ಭಾರೀ ಹೆಲಿಕಾಪ್ಟರ್, ರಷ್ಯಾದ ಎಂಐ-26, ಹೊರುವುದು 20 ಟನ್. ಇಷ್ಟೆಲ್ಲ ಗೊತ್ತಿದ್ದೂ ನನಗೆ ಸಿನಿಮಾ ಕೆಡಲಿಲ್ಲ. ಅಂಕಿಯಲ್ಲಿ ತಪ್ಪಿದ ತೂಕವನ್ನು ಅವರು ಚಲನೆಯಲ್ಲಿ, ಶಬ್ದದಲ್ಲಿ, ನೀರಿನಲ್ಲಿ ಸರಿಯಾಗಿ ಕಟ್ಟಿದ್ದಾರೆ.

ದೊಡ್ಡವರಿಗೆ ಏನಿದೆ ಅಂತ ಕೇಳಿದಿರಲ್ಲ, ಅದು ಮಾಕೊ ಮೋರಿ. ಯೇಗರ್ ನಡೆಸುವ ಹೊರೆ ಒಂದು ಮಿದುಳಿಗೆ ತಡೆಯುವುದಿಲ್ಲ, ಹಾಗಾಗಿ ಇಬ್ಬರು ಪೈಲಟ್‌ಗಳ ಮನಸ್ಸನ್ನು ಜೋಡಿಸುತ್ತಾರೆ. ಇಬ್ಬರ ನೆನಪುಗಳೂ ಬೆರೆತುಹೋಗುತ್ತವೆ, ಬಚ್ಚಿಡಲು ಏನೂ ಉಳಿಯುವುದಿಲ್ಲ. ನಾಯಕ ರಾಲಿ ಹೀಗೆ ಮನಸ್ಸು ಜೋಡಿಸಿಕೊಂಡಿದ್ದಾಗಲೇ ಪಕ್ಕದಲ್ಲಿದ್ದ ಅಣ್ಣನನ್ನು ಕಳೆದುಕೊಂಡವನು, ಅಣ್ಣನ ಕೊನೆಯ ಭಯ ಅವನ ತಲೆಯೊಳಗೆ ಉಳಿದಿದೆ. ಮಾಕೊ ಟೋಕಿಯೊದಲ್ಲಿ ಮನೆಯವರನ್ನು ಕಳೆದುಕೊಂಡವಳು. ಇವರಿಬ್ಬರೂ ಮೊದಲ ಸಲ ಜೋಡಿಯಾದಾಗ ಮಾಕೊ ತನ್ನ ನೆನಪಿನೊಳಗೆ ಬಿದ್ದುಬಿಡುತ್ತಾಳೆ. ಬೂದಿ ಸುರಿಯುವ ಖಾಲಿ ಬೀದಿ, ನೀಲಿ ಕೋಟಿನ ಪುಟ್ಟ ಹುಡುಗಿ, ಒಂದು ಕಾಲಲ್ಲಿ ಕೆಂಪು ಶೂ, ಇನ್ನೊಂದು ಶೂ ಕೈಯಲ್ಲಿ, ಹಿಂದೆ ಕಟ್ಟಡಗಳನ್ನು ಒಡೆಯುತ್ತಾ ಬರುತ್ತಿರುವ ಕೈಜು. ಪುಟ್ಟ ಮಾಕೊ ಆಗಿರುವ ಮಾನಾ ಆಶಿದಾ ಆ ದೃಶ್ಯದಲ್ಲಿ ಅಳುವುದನ್ನು ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಇತ್ತ ನಿಜದಲ್ಲಿ, ಆ ಹುಡುಗಿಯ ಭಯಕ್ಕೆ ರೋಬೋಟಿನ ಕೈ ಎದ್ದು ನಿಂತಿರುತ್ತದೆ, ಆಯುಧ ಸಿಡಿಯಲು ತಯಾರಾಗಿರುತ್ತದೆ. ಮಗುವಿನ ಹೆದರಿಕೆ 79 ಮೀಟರ್ ಯಂತ್ರದೊಳಗೆ ತುಂಬಿಕೊಂಡರೆ ಏನಾಗುತ್ತದೆ ಅಂತ ತೋರಿಸಿದ ಸಿನಿಮಾ ಇದು.

ದೊಡ್ಡ ಮಾಕೊ ಪಾತ್ರದಲ್ಲಿ ರಿಂಕೊ ಕಿಕುಚಿ, ಅವಳನ್ನು ಸಾಕಿದ ಕಮಾಂಡರ್ ಪಾತ್ರದಲ್ಲಿ ಇದ್ರಿಸ್ ಎಲ್ಬಾ. ಮಗಳು ಯುದ್ಧಕ್ಕೆ ಹೋಗಬೇಕು ಅನ್ನುತ್ತಾಳೆ, ಅಪ್ಪನಿಗೆ ಬಿಡಲು ಮನಸ್ಸಿಲ್ಲ. ಮಕ್ಕಳಿರುವ ನಿಮಗೆ ಈ ಭಾಗ ತಟ್ಟದೆ ಇರುವುದಿಲ್ಲ. ರಾಲಿ ಮತ್ತು ಮಾಕೊ ನಡುವೆ ಬಲವಂತದ ಪ್ರೇಮ ಪ್ರಸಂಗ ಇಲ್ಲದಿರುವುದೂ ನನಗೆ ಬಹಳ ಹಿಡಿಸಿತು.

ಕೊರತೆ ಇವೆ. ರಾಲಿ ಆಗಿರುವ ಚಾರ್ಲಿ ಹನಮ್ ಸಪ್ಪೆ. ಇಬ್ಬರು ವಿಜ್ಞಾನಿಗಳ ಕಿರುಚಾಟ ಜಾಸ್ತಿ. ರಷ್ಯಾ, ಚೀನಾ ರೋಬೋಟ್‌ಗಳನ್ನು ಅಷ್ಟು ಚೆಂದ ಮಾಡಿ ಬೇಗ ಮುಗಿಸಿಬಿಟ್ಟರಲ್ಲ ಅಂತ ನನಗೆ ಈಗಲೂ ಬೇಜಾರು. 2018ರಲ್ಲಿ ಎರಡನೇ ಭಾಗ ಬಂತು, ನಿರ್ದೇಶಕರು ಬೇರೆ. ಹಗಲು ಬೆಳಕಿನಲ್ಲಿ ರೋಬೋಟ್‌ಗಳು ಚುರುಕಾಗಿ ಹಾರಿ ಜಿಗಿಯುತ್ತವೆ, ತೂಕ ಹೋಯಿತು, ಅದರ ಜೊತೆ ನನ್ನ ಆಸಕ್ತಿಯೂ ಹೋಯಿತು. ಮಗ ಕೇಳಿದರೆ ಅದನ್ನು ಬೇಕಾದರೆ ಅವನೊಬ್ಬನೇ ನೋಡಲಿ.

ನೋಡುವ ಬಗ್ಗೆ. ಸಿನಿಮಾ 2 ಗಂಟೆ 11 ನಿಮಿಷ. ಮೊಬೈಲಿನಲ್ಲಿ ನೋಡಿದರೆ 260 ಅಡಿಯ ರೋಬೋಟ್ ಹೆಬ್ಬೆರಳಿನಷ್ಟು ಕಾಣುತ್ತದೆ, ನಾನು ಮೇಲೆ ಹೇಳಿದ್ದೆಲ್ಲ ವ್ಯರ್ಥ. ಮನೆಯಲ್ಲಿರುವ ದೊಡ್ಡ ಟಿವಿಯಲ್ಲಿ ನೋಡಿ. ರಾತ್ರಿ ದೃಶ್ಯಗಳೇ ಜಾಸ್ತಿ, ಹಾಗಾಗಿ ಲೈಟ್ ಆರಿಸಿ, ಕಿಟಕಿಯ ಪರದೆ ಎಳೆಯಿರಿ. ಟಿವಿ ಸೆಟ್ಟಿಂಗ್‌ನಲ್ಲಿ ಚಲನೆಯನ್ನು ನುಣುಪು ಮಾಡುವ ಆಯ್ಕೆ ಇರುತ್ತದೆ, ಎಷ್ಟೋ ಟಿವಿಗಳಲ್ಲಿ ಅದು ಮೊದಲೇ ಆನ್ ಆಗಿರುತ್ತದೆ. ಅದನ್ನು ಆಫ್ ಮಾಡಿ, ಇಲ್ಲದಿದ್ದರೆ ರೋಬೋಟ್‌ಗಳು ಧಾರಾವಾಹಿಯ ಗ್ರಾಫಿಕ್ಸ್ ಥರ ಕಾಣುತ್ತವೆ. ಸ್ಪೀಕರ್ ಒಳ್ಳೆಯದಿದ್ದರೆ ಹಾಕಿ, ರಮಿನ್ ಜವಾದಿ ಅವರ ಸಂಗೀತದ ಗಿಟಾರ್ ಅದಕ್ಕೆ ತಕ್ಕದ್ದೇ ಇದೆ. ಅಮೆರಿಕದಲ್ಲಿ ಇದಕ್ಕೆ ಪಿಜಿ-13 ಸರ್ಟಿಫಿಕೇಟ್, ಅಂದರೆ ಕೆಲವು ದೃಶ್ಯಗಳು 13 ವರ್ಷದೊಳಗಿನ ಮಕ್ಕಳಿಗೆ ಸರಿಹೋಗದಿರಬಹುದು ಅನ್ನುವ ಎಚ್ಚರಿಕೆ. ರಾಲಿಯ ಅಣ್ಣನ ಸಾವು, ಕೆಂಪು ಶೂ ದೃಶ್ಯ, ಕೈಜುವಿನ ಕರುಳು ತೋರಿಸುವ ಒಂದೆರಡು ಕಡೆ, ಇವು ಹೆದರುವ ಮಕ್ಕಳಿಗೆ ಸ್ವಲ್ಪ ಕಷ್ಟ. ಪಕ್ಕದಲ್ಲಿ ನೀವು ಇರಿ ಅಂದದ್ದು ಅದಕ್ಕೂ ಸೇರಿಸಿಯೇ.

ಸಿನಿಮಾ ಮುಗಿದ ಮೇಲೆ ಇಂಥದ್ದು ನಿಜವಾಗಿ ಮಾಡಬಹುದಾ ಅಂತ ಅವನು ಕೇಳಿಯೇ ಕೇಳುತ್ತಾನೆ. ಜಪಾನಿನ ಯೊಕೊಹಾಮಾದಲ್ಲಿ 2020ರ ಡಿಸೆಂಬರ್‌ನಿಂದ 2024ರ ಮಾರ್ಚ್‌ವರೆಗೆ 18 ಮೀಟರ್ ಎತ್ತರದ, 25 ಟನ್ ತೂಕದ, ಜಪಾನಿನ ಕಾರ್ಟೂನ್ ಸರಣಿಯ ಗುಂಡಾಮ್ ಅನ್ನುವ ರೋಬೋಟ್ ಇತ್ತು, ನಿಜವಾಗಿ ಕೈಕಾಲು ಆಡಿಸುತ್ತಿತ್ತು. ಅದರ ವಿಡಿಯೊ ಸುಲಭವಾಗಿ ಸಿಗುತ್ತದೆ. ಬೆರಳು ಮಡಚುವುದಕ್ಕೂ, ಕಾಲು ಎತ್ತುವುದಕ್ಕೂ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಅಂತ ಅವನಿಗೆ ತೋರಿಸಿ. ಹಿಂದಿನಿಂದ ಸೊಂಟಕ್ಕೆ ದೊಡ್ಡ ಆಸರೆ ಕೊಟ್ಟಿರುವುದೂ ಕಾಣುತ್ತದೆ. ಅದು ಯಾಕೆ ಬೇಕಾಯಿತು ಅಂತ ಅವನನ್ನೇ ಕೇಳಿ, ಗೆಲಿಲಿಯೊ ಲೆಕ್ಕ ಆಮೇಲೆ ಹೇಳಿಕೊಡಿ.